ಜಗಲಿಗೊಂದು ಬಣ್ಣದ ನೆಲಹಾಸು

ದಪ್ಪನೆಯ ಕ್ಯಾನ್‌ವಾಸ್ ಬಟ್ಟೆಯ ಎರಡೂ ಬದಿಗೆ ಬಣ್ಣದ ಲೇಪ ಕೊಟ್ಟು, ಮೇಲ್ಮೈಯಲ್ಲಿ ಚಿತ್ತಾರ ಬರೆದು, ಅದರ ಮೇಲೆ ವಾರ್ನಿಷ್ ಹಚ್ಚಿ ಸಿದ್ಧಪಡಿಸಿದ ಹಾಸನ್ನು ವರ್ಣಲೇಪಿತ ನೆಲಹಾಸು ಎನ್ನಬಹುದು. ಇಂಗ್ಲಿಷಿನಲ್ಲಿ ಇದರ ಹೆಸರು ಫ್ಲೋರ್‌ಕ್ಲಾತ್. ಇದು ಚಾಪೆಯಂತೆ ಹೆಣೆದುದಲ್ಲ, ಜಮಖಾನೆಯಂತೆ ಬಣ್ಣದ ನೂಲಿನಿಂದ ನೇಯ್ದುದೂ ಅಲ್ಲ. ಚೆಲ್ಲಿದ ನೀರನ್ನು ಹೀರದೆ, ಒದ್ದೆ ಬಟ್ಟೆಯಿಂದ ಒರೆಸಿದೊಡನೆ ಶುಚಿಯಾಗುವುದು ಇದರ ಗುಣ. ಮಕ್ಕಳ ಓದು, ಊಟ, ಆಟ ಮೂರೂ ಜಗಲಿಯಲ್ಲೇ ನಡೆಯುವ ಮನೆಗಳಿಗೆ ಇದು ಚೆನ್ನಾಗಿ ಒಪ್ಪುತ್ತದೆಂಬುದು ನಮ್ಮ ಅಭಿಪ್ರಾಯ. ಹಿರಿಯರೂ ಮಕ್ಕಳೂ ಕೂಡಿ ರಜಾದಿನಗಳಲ್ಲಿ ಮಾಡಬಹುದಾದ ಕೆಲಸವೂ ಹೌದು.

ಈ ಹಾಸು ಹದಿನೆಂಟನೆಯ ಶತಮಾನದಲ್ಲಿ ಇಂಗ್ಲೆಂಡಿನಲ್ಲಿಯೂ ಅಮೆರಿಕದಲ್ಲಿಯೂ ವಿಶೇಷವಾಗಿ ಬಳಕೆಗೆ ಬಂದಿತು. ಹಡಗಿನ ಹಾಯಿಗೆ ನೇಯುತ್ತಿದ್ದ ಬಟ್ಟೆಯೇ ಇದಕ್ಕೂ ಆಧಾರ. ಲಂಡನ್ನಿನ ನೈಟ್ಸ್‌ಬ್ರಿಜ್‌ನಲ್ಲಿ ನೇಥನ್ ಸ್ಮಿತ್ ಎಂಬಾತ 1763ರಲ್ಲಿ ಇದರ ತಯಾರಿಕೆಗೆ ಪೇಟೆಂಟ್ ಪಡೆದನು. ಬಟ್ಟೆಗೆ ಪದರದ ಮೇಲೆ ಪದರವಾಗಿ ಎಣ್ಣೆಬಣ್ಣ ಬಳಿದು, ಮರದ ಅಚ್ಚುಗಳಿಂದ ಚಿತ್ರ ಒತ್ತಿ, ತಿಂಗಳುಗಟ್ಟಲೆ ಒಣಗಿಸುವುದು ಅಂದಿನ ಕ್ರಮ. ಅಮೆರಿಕದ ಅಧ್ಯಕ್ಷ ಥಾಮಸ್ ಜೆಫರ್ಸನ್ 1809ರಲ್ಲಿ ಅಧಿಕಾರ ಬಿಡುವಾಗ ಬರೆದಿಟ್ಟ ಅಧ್ಯಕ್ಷಭವನದ ವಸ್ತುಪಟ್ಟಿಯಲ್ಲಿಯೂ ಹಸುರು ಬಣ್ಣ ಬಳಿದ ಕ್ಯಾನ್‌ವಾಸ್ ಹಾಸೊಂದು ಸೇರಿದೆ. 1847ರಲ್ಲಿ ಸ್ಕಾಟ್ಲೆಂಡಿನ ಕರ್ಕಾಡಿಯಲ್ಲಿ ಮೈಕೆಲ್ ನೈರ್ನ್ ಇದಕ್ಕಾಗಿ ದೊಡ್ಡ ಕಾರ್ಖಾನೆ ಕಟ್ಟಿಸಿದಾಗ ಊರಿನವರು ಅದನ್ನು 'ನೈರ್ನನ ಮೂರ್ಖತನ' ಎಂದು ಹಾಸ್ಯ ಮಾಡಿದರು. ಕಾರ್ಖಾನೆ ಮಾತ್ರ ಬೆಳೆಯಿತು. 1863ರಲ್ಲಿ ಫ್ರೆಡೆರಿಕ್ ವಾಲ್ಟನ್ ಪೇಟೆಂಟ್ ಪಡೆದ ಲಿನೋಲಿಯಂ ಬಂದ ಮೇಲೆ ಬಣ್ಣದ ಬಟ್ಟೆಯ ಕಾಲ ಮುಗಿಯುತ್ತ ಬಂತು.

ಆ ಎಣ್ಣೆಬಣ್ಣದ ಮೂಲದ್ರವ್ಯ ನಮಗೆ ಅಪರಿಚಿತವೇನಲ್ಲ. ಅದು ಅಗಸೆ ಬೀಜದ ಎಣ್ಣೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯವರು ರೊಟ್ಟಿಯೊಡನೆ ತಿನ್ನುವ ಅಗಸಿ ಹಿಂಡಿಯ ಅಗಸೆಯೇ ಇದು. ಕಾಸರಗೋಡಿನ ಓದುಗರು ಇದನ್ನು ಸೊಪ್ಪು, ಹೂವು ಕೊಡುವ ಅಗಸೆ ಮರವೆಂದು ತಿಳಿಯಬಾರದು. ಹೆಸರೊಂದೇ, ಗಿಡ ಬೇರೆ. ಈ ಎಣ್ಣೆ ನೀರಿನಂತೆ ಆವಿಯಾಗಿ ಒಣಗುವುದಿಲ್ಲ. ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾದ ಪೊರೆಯಾಗುತ್ತದೆ, ಹಾಗಾಗುವಾಗ ಬಿಸಿಯನ್ನು ಹೊರಸೂಸುತ್ತದೆ. ಎಣ್ಣೆ ಒರೆಸಿದ ಚಿಂದಿಗಳನ್ನು ಮುದ್ದೆ ಮಾಡಿ ಮೂಲೆಗೆಸೆದರೆ ಆ ಬಿಸಿ ಒಳಗೇ ಕೂಡಿಕೊಂಡು, ಕಿಡಿ ಸೋಕದೆಯೇ ಬೆಂಕಿ ಹೊತ್ತಿಕೊಳ್ಳಬಹುದು. ಆದುದರಿಂದ ಮಕ್ಕಳಿರುವ ಮನೆಯಲ್ಲಿ ಹಳೆಯ ಕ್ರಮ ಬೇಡವೆಂದೇ ನಮ್ಮ ಸಲಹೆ. ನೀರಿನಲ್ಲಿ ಕಲಸುವ ಅಕ್ರಿಲಿಕ್ ಬಣ್ಣ ಸಾಕು. ಅದು ಬೇಗ ಒಣಗುತ್ತದೆ, ಸುರುಳಿ ಸುತ್ತಿದರೂ ಎನಾಮೆಲ್ ಬಣ್ಣದಷ್ಟು ಸುಲಭವಾಗಿ ಬಿರಿಯುವುದಿಲ್ಲ.

ಬಣ್ಣ ಕೊಳ್ಳುವಾಗ ಇನ್ನೊಂದು ಎಚ್ಚರ ಅಗತ್ಯ. ಹಿಂದಿನ ಹಾಸುಗಳ ಬಿಳುಪಿಗೆ ಸೀಸದ ಬಿಳಿಯನ್ನು ಬಳಸುತ್ತಿದ್ದರು. ಸೀಸವು ಮಕ್ಕಳ ಮಿದುಳಿನ ಬೆಳವಣಿಗೆಗೆ ಮಾರಕ. ಭಾರತದಲ್ಲಿ ಗೃಹಬಳಕೆಯ ಬಣ್ಣಗಳಲ್ಲಿ ಸೀಸದ ಅಂಶ ದಶಲಕ್ಷಕ್ಕೆ 90 ಭಾಗಗಳನ್ನು ಮೀರಬಾರದೆಂಬ ನಿಯಮ 2016ರಲ್ಲಿ ಪ್ರಕಟವಾಗಿ, 2017ರ ನವೆಂಬರಿನಿಂದ ಜಾರಿಯಲ್ಲಿದೆ. ಅಂಬೆಗಾಲಿಡುವ ಮಗು ಕೈಯೂರುವ ಹಾಸಿಗೆ ಅಟ್ಟದ ಮೇಲೆ ಉಳಿದ ಹಳೆಯ ಡಬ್ಬಿಯ ಬಣ್ಣವನ್ನು ಉಪಯೋಗಿಸಲೇಬಾರದು.

ಹೊರಾಂಗಣದ ಹಾಸು ಎಂದ ಮಾತ್ರಕ್ಕೆ ಅಂಗಳದಲ್ಲಿ ಮಳೆಗೆ ಬಿಡುವಂತಿಲ್ಲ. ವರ್ಷಕ್ಕೆ 3,000 ಮಿ.ಮೀ.ಗೂ ಮಿಕ್ಕಿ ಮಳೆ ಸುರಿಯುವ ಕಾಸರಗೋಡಿನಲ್ಲಿ ಇದರ ಸ್ಥಾನ ಮಾಡಿನ ಕೆಳಗಿನ ಜಗಲಿಯೇ. ಇರಚಲು ಬೀಳುವ ಅಂಚಿನಿಂದಲೂ ಒಂದೆರಡು ಅಡಿ ಒಳಗಿರಲಿ. ಸೊಲ್ಲಾಪುರ, ರಾಯದುರ್ಗದಂತಹ ಒಣಸೀಮೆಯಲ್ಲಿ ಮಳೆಗಿಂತ ಬಿಸಿಲೇ ಹೆಚ್ಚು ಹಾನಿಕರ; ಅಲ್ಲಿ ಹೊರಗೋಡೆಗೆ ಹಚ್ಚುವ ಎಮಲ್ಷನ್ ಬಳಸಿದರೆ ಬಣ್ಣ ಬೇಗ ಮಾಸದು.

ಇನ್ನು ಮಾಡುವ ಬಗೆ. ಸಿದ್ಧ ಹಾಸು 48 ಅಂಗುಲ ಅಗಲ, 72 ಅಂಗುಲ ಉದ್ದ ಇರಬೇಕೆಂದಿಟ್ಟುಕೊಳ್ಳೋಣ. ಚದರ ಮೀಟರಿಗೆ ಸುಮಾರು 400 ಗ್ರಾಂ ತೂಗುವ ಹತ್ತಿಯ ಕ್ಯಾನ್‌ವಾಸನ್ನು 54ಕ್ಕೆ 78 ಅಂಗುಲದಂತೆ ಕತ್ತರಿಸಬೇಕು. ಬಟ್ಟೆಯನ್ನು ಒಗೆಯಬಾರದು, ಆಗ ಬೀಳುವ ಸುಕ್ಕು ಮತ್ತೆ ಹೋಗುವುದೇ ಇಲ್ಲ. ಇಸ್ತ್ರಿ ಹಾಕಿ, ಪ್ಲಾಸ್ಟಿಕ್ ಹಾಳೆಯ ಮೇಲೆ ಬಿಗಿಯಾಗಿ ಹರಡಿ, ಎರಡೂ ಬದಿಗೆ ಎರಡೆರಡು ಸಲ ಅಕ್ರಿಲಿಕ್ ಪ್ರೈಮರ್ ಬಳಿಯಬೇಕು. ಒಂದೇ ಬದಿಗೆ ಬಳಿದರೆ ಅಂಚು ಸುರುಟಿಕೊಳ್ಳುತ್ತದೆ, ನೆಲದ ತೇವವೂ ಏರುತ್ತದೆ. ಈ ಹಂತದಲ್ಲಿ ಬಟ್ಟೆ ಸ್ವಲ್ಪ ಕುಗ್ಗುವುದರಿಂದಲೇ ಹೆಚ್ಚುವರಿ ಅಳತೆ ಇಟ್ಟುಕೊಂಡದ್ದು. ಅಂಚನ್ನು ಮೊದಲೇ ಮಡಿಸಿ ಅಂಟಿಸಿದರೆ ಹಾಸು ಸೊಟ್ಟಗಾಗುತ್ತದೆ. ನಮ್ಮ ಮೊದಲನೆಯ ಹಾಸು ಹಾಗೆಯೇ ಹಾಳಾಯಿತು. ಒಣಗಿದ ಮೇಲೆ 220 ಅಂಕೆಯ ಉಪ್ಪುಕಾಗದದಿಂದ ಹಗುರವಾಗಿ ಉಜ್ಜಿ, ಸರಿಯಾದ ಅಳತೆಗೆ ಗೆರೆ ಹಾಕಿ, ಮೂಲೆಗಳನ್ನು ಓರೆಯಾಗಿ ಕತ್ತರಿಸಿ, ಅಂಚನ್ನು ಹಿಂದಕ್ಕೆ ಮಡಿಸಿ, ನೀರಿಗೆ ಬಿಡದ ಅಂಟಿನಿಂದ ಅಂಟಿಸಬೇಕು.

ಚಿತ್ತಾರದ ವಿಷಯದಲ್ಲಿ ಮಕ್ಕಳು ಮೊದಲು ಕೇಳುವುದು ವರ್ಣಮಾಲೆಯನ್ನು ಬರೆಯೋಣವೇ ಎಂದು. ಅಕ್ಷರವನ್ನು ತುಳಿಯಬಾರದೆಂಬುದು ನಮ್ಮ ಮನೆಗಳ ನಡವಳಿಕೆ, ಅಕ್ಷರಗಳು ಗೋಡೆಗಿರಲಿ. ನೆಲಕ್ಕೆ ಒಪ್ಪುವುದು ಆಟದ ಮನೆ. ಚೌಕಾಬಾರಕ್ಕೆ ಐದಕ್ಕೆ ಐದರಂತೆ 25 ಮನೆಗಳು ಬೇಕು. ಒಂದೊಂದು ಮನೆ 8 ಅಂಗುಲವಾದರೆ ಒಟ್ಟು 40 ಅಂಗುಲ, ಇಬ್ಬದಿಯಲ್ಲಿ 4 ಅಂಗುಲ ಅಂಚು ಉಳಿಯುತ್ತದೆ. ಈ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಬಹುದು. ನಾಲ್ಕು ಬದಿಯ ನಡುಮನೆಗೂ ಕೇಂದ್ರದ ಮನೆಗೂ ಕತ್ತರಿ ಗುರುತು ಹಾಕಬೇಕು. ನಾಲ್ಕು ಕವಡೆಗಳ ಈ ಆಟದಲ್ಲಿ ನಾಲ್ಕು ಬಿದ್ದರೆ ಚೌಕ, ಎಂಟು ಬಿದ್ದರೆ ಬಾರ. ಕೆಲವೆಡೆ ಇದಕ್ಕೆ ಕಟ್ಟೆಮನೆ ಎಂಬ ಹೆಸರೂ ಉಂಟು. ಮಡಕಶಿರದ ತೆಲುಗು ನೆರೆಯವರು ಅಷ್ಟಾ ಚೆಮ್ಮಾ ಎಂದು, ಹೊಸೂರಿನ ತಮಿಳು ನೆರೆಯವರು ತಾಯಂ ಎಂದು ಇದೇ ಬಗೆಯ ಮನೆಗಳ ಮೇಲೆ ಆಡುತ್ತಾರೆ. ಆದುದರಿಂದ ಪಕ್ಕದ ಮನೆಯ ಮಗುವಿಗೆ ಭಾಷೆ ಬಾರದಿದ್ದರೂ ಆಟ ಬರುತ್ತದೆ. ಹಾಸಿನ ಉಳಿದ ಭಾಗದಲ್ಲಿ ಆಡು-ಹುಲಿ ಆಟದ ತ್ರಿಕೋನವನ್ನು ಬರೆಯಬಹುದು: 3 ಹುಲಿ, 15 ಆಡು, 23 ಬಿಂದು. ಬಣ್ಣಕ್ಕೆ ಗೋವಾ ಮತ್ತು ಕರಾವಳಿಯ ಕಾವಿ ಕಲೆಯ ಕೆಂಪು-ಬಿಳಿ ಜೋಡಿಯನ್ನು ನಾವು ಮೆಚ್ಚುತ್ತೇವೆ. ಗೆರೆ ನೇರವಾಗಿ ಬರಲು ಮಾಸ್ಕಿಂಗ್ ಟೇಪ್ ಅಂಟಿಸಿ ಬಣ್ಣ ಹಚ್ಚಬೇಕು.

ಬಣ್ಣ ಪೂರ್ತಿ ಒಣಗಿದ ನಂತರ, ನೀರಿನಲ್ಲಿ ಕರಗುವ ಪಾರದರ್ಶಕ ವಾರ್ನಿಷನ್ನು ಮೂರು ಸಲ ತೆಳುವಾಗಿ ಬಳಿದು ಒಂದು ವಾರ ತುಳಿಯದೆ ಬಿಡಬೇಕು. ಮಳೆಗಾಲದಲ್ಲಿ ಲೇಪ ಸರಿಯಾಗಿ ಗಟ್ಟಿಯಾಗದ ಕಾರಣ ಡಿಸೆಂಬರಿನಿಂದ ಬೇಸಿಗೆ ರಜೆಯವರೆಗಿನ ಅವಧಿ ಉತ್ತಮ. ನಯವಾದ ನೆಲದಲ್ಲಿ ಹಾಸು ಜಾರದಂತೆ ಕೆಳಗೆ ರಬ್ಬರಿನ ಜಾಲರಿ ಹಾಕಬೇಕು. ವೃದ್ಧರಿರುವ ಮನೆಯಲ್ಲಿ ಇದನ್ನು ಮರೆಯುವಂತಿಲ್ಲ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಎತ್ತಿ ಅಡಿಭಾಗವನ್ನು ಗಾಳಿಗೊಡ್ಡದಿದ್ದರೆ ಬೂಷ್ಟು ಹಿಡಿಯುತ್ತದೆ. ತೆಗೆದಿಡುವಾಗ ಮಡಚದೆ, ಚಿತ್ತಾರ ಹೊರಮುಖವಾಗಿರುವಂತೆ ಸುರುಳಿ ಸುತ್ತಬೇಕು. ಒಂದೆರಡು ವರ್ಷಗಳಲ್ಲಿ ಮೇಲ್ಮೈ ಮಂಕಾದಾಗ ತೊಳೆದು ಒಣಗಿಸಿ ಮತ್ತೊಂದು ಪದರ ವಾರ್ನಿಷ್ ಬಳಿದರೆ ಆಟ ಮುಂದುವರಿಯುತ್ತದೆ.