ಚಿನ್ನ ಮುಗಿದ ಮೇಲೆ ಉಳಿದ ಪಾಠ: ಊರಿಗಾಂ ಮತ್ತು ಸುಸ್ಥಿರತೆಯ ಓದು

ನಮ್ಮ ಶಾಲೆ ಐವತ್ತು ವರ್ಷ ಪೂರೈಸಿ ಸುವರ್ಣ ಮಹೋತ್ಸವ ಆಚರಿಸುತ್ತಿರುವುದು ನಮಗೆಲ್ಲ ಹೆಮ್ಮೆಯ ಸಂಗತಿ. ‘ಸುವರ್ಣ’ ಎಂದರೆ ಬೇರೆ ಊರಿನವರಿಗೆ ಐವತ್ತರ ಲೆಕ್ಕ. ಊರಿಗಾಂನವರಿಗೆ ಅದು ಅಜ್ಜ ಮುತ್ತಜ್ಜಂದಿರ ದುಡಿಮೆಯೂ ಹೌದು. ಈ ಸಂದರ್ಭದಲ್ಲಿ ನಮ್ಮ ಊರಿನ ಚರಿತ್ರೆಯನ್ನು ಒಂದು ಹೊಸ ಕಡೆಯಿಂದ ನೋಡಬೇಕೆನಿಸಿದೆ. ಇಂದು ವಿಶ್ವವಿದ್ಯಾಲಯಗಳಲ್ಲಿ ‘ಸುಸ್ಥಿರತೆ’ ಎಂಬ ಹೆಸರಿನಲ್ಲಿ ಕಲಿಸುತ್ತಿರುವ ವಿಷಯಕ್ಕೆ ನಮ್ಮ ಊರೇ ಒಂದು ದೊಡ್ಡ ಪಠ್ಯಪುಸ್ತಕ.

ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ 1880ರಲ್ಲಿ ಇಲ್ಲಿಗೆ ಕಾಲಿಟ್ಟ ಮೇಲೆ ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಗಣಿಗಳು ಒಂದರ ಪಕ್ಕ ಒಂದು ಬೆಳೆದವು. 1894ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ರೈಲು ಬಂತು. ಆರಂಭದಲ್ಲಿ ಗಣಿಯ ಉಗಿಯಂತ್ರಗಳಿಗೆ ಕಟ್ಟಿಗೆ, ಕಲ್ಲಿದ್ದಲು ಬೇಕಾಗಿತ್ತು. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ ಸುಮಾರು 148 ಕಿಲೋಮೀಟರ್ ದೂರ ತಂತಿಯಲ್ಲಿ ಹರಿದು ಗಣಿಗಳನ್ನು ಮುಟ್ಟಿತು. ಆ ಕಾಲಕ್ಕೆ ಅದು ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಒಂದು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡ ಯೋಜನೆ ಅದು. ದೀಪ ಹೊತ್ತುವ ಮೊದಲೇ, 1901ರಲ್ಲಿ, ಅವರು ತೀರಿಕೊಂಡಿದ್ದರು. ಕುಡಿಯುವ ನೀರು ಪಾಲಾರ್ ನದಿಯ ಬೇತಮಂಗಲ ಕೆರೆಯಿಂದ ಶುದ್ಧವಾಗಿ ಕೊಳವೆಯಲ್ಲಿ ಬಂತು. ಒಂದು ನಗರ ಬದುಕಲು ಎಲ್ಲೆಲ್ಲಿಂದ ಏನೇನು ತರಬೇಕಾಗುತ್ತದೆ ಎಂಬುದನ್ನು ಇಂದು ತರಗತಿಯಲ್ಲಿ ನಕ್ಷೆ ಬರೆದು ಕಲಿಸುತ್ತಾರೆ. ನಮ್ಮ ಹಿರಿಯರು ಅದನ್ನು ಕಣ್ಣಾರೆ ಕಂಡರು.

ಬಂದದ್ದರ ಲೆಕ್ಕ ಇದಾದರೆ, ಉಳಿದದ್ದರ ಲೆಕ್ಕ ಬೇರೆಯೇ ಇದೆ. ಅದಿರನ್ನು ಪುಡಿಮಾಡಿ ಸೈನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ತೆಗೆಯುವ ವಿಧಾನಕ್ಕೆ 1887ರಲ್ಲಿ ಬ್ರಿಟನ್ನಿನಲ್ಲಿ ಪೇಟೆಂಟ್ ಸಿಕ್ಕಿತು. ನಮ್ಮ ಗಣಿಗಳೂ ಆ ವಿಧಾನವನ್ನು ಅಳವಡಿಸಿಕೊಂಡವು. ಚಿನ್ನ ಹೊರಗೆ ಹೋಯಿತು, ಪುಡಿ ಇಲ್ಲೇ ಉಳಿಯಿತು. ಅದೇ ನಾವು ದಿನವೂ ನೋಡುವ ಸೈನೈಡ್ ದಿಬ್ಬಗಳು. ಒಂದು ಶತಮಾನಕ್ಕೂ ಮೀರಿದ ಕಾಲದಲ್ಲಿ ಇಲ್ಲಿ ತೆಗೆದ ಚಿನ್ನ ಸುಮಾರು 800 ಟನ್. ಹೊರಗೆ ರಾಶಿಯಾಗಿ ಬಿದ್ದ ಪುಡಿ 3 ಕೋಟಿ ಟನ್ನಿಗೂ ಹೆಚ್ಚು. ಸಿನಿಮಾದವರಿಗೆ ಅದು ಚಿತ್ರೀಕರಣದ ಜಾಗ. ಗಾಳಿಯ ತಿಂಗಳುಗಳಲ್ಲಿ ಬಟ್ಟೆ ಒಣಹಾಕುವ ತಾಯಂದಿರಿಗೆ ಅದು ದೂಳು. ಸೈನೈಡ್ ಬಿಸಿಲು ಗಾಳಿಗೆ ಕಾಲಕ್ರಮೇಣ ಒಡೆದು ಹೋಗುತ್ತದೆ. ಕಲ್ಲಿನಲ್ಲಿದ್ದ ಗಂಧಕದ ಖನಿಜಗಳು ಮತ್ತು ಲೋಹಗಳು ಹಾಗೆ ಹೋಗುವುದಿಲ್ಲ. ಮಳೆನೀರಿನೊಂದಿಗೆ ತಗ್ಗಿನ ಹೊಲ, ಕೆರೆಗಳ ಕಡೆಗೆ ಇಳಿಯುತ್ತವೆ. ಗಣಿಯ ದೂಳಿನಿಂದ ಬರುವ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆಯ ಹೆಸರು ಕೇಳದ ಗಣಿ ಕಾರ್ಮಿಕರ ಮನೆ ನಮ್ಮಲ್ಲಿ ವಿರಳ.

1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು. 1962ರಲ್ಲಿ ಅವು ಕೇಂದ್ರ ಸರ್ಕಾರಕ್ಕೆ ಹೋದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಹುಟ್ಟಿತು. ಅಷ್ಟರಲ್ಲಿ ಗಣಿ 3 ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. ಅದಿರಿನಲ್ಲಿ ಚಿನ್ನ ಕಡಿಮೆಯಾಗಿ ಖರ್ಚು ಏರಿತ್ತು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಒಂದು ಕಾಲಕ್ಕೆ 30 ಸಾವಿರಕ್ಕೂ ಹೆಚ್ಚು ಜನ ದುಡಿದ ಜಾಗದಲ್ಲಿ ಸೈರನ್ ನಿಂತಿತು. ಅಂದಿನಿಂದ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಎಷ್ಟೋ ಜನ ಮುಂಜಾನೆ ಮಾರಿಕುಪ್ಪಂ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮನೆ ಸೇರುತ್ತಿದ್ದಾರೆ.

ಇಲ್ಲಿ ಒಂದು ತಾರೀಖನ್ನು ಗಮನಿಸಬೇಕು. ಗಣಿ ಮುಚ್ಚುವಾಗ ನೆಲ, ನೀರು, ಕಾರ್ಮಿಕರ ಬಗ್ಗೆ ಏನು ಮಾಡುವಿರಿ ಎಂದು ಗಣಿ ಮಾಲೀಕರು ಮೊದಲೇ ಯೋಜನೆ ಬರೆದು ಒಪ್ಪಿಗೆ ಪಡೆಯಬೇಕೆಂಬ ನಿಯಮ ನಮ್ಮ ದೇಶದಲ್ಲಿ ಬಂದದ್ದು 2003ರ ಏಪ್ರಿಲ್‌ನಲ್ಲಿ. ಅಷ್ಟು ಹೊತ್ತಿಗೆ ನಮ್ಮ ಗಣಿ ಮುಚ್ಚಿ ಎರಡು ವರ್ಷ ಕಳೆದಿತ್ತು. ಇಂದು ಗಣಿ ಮುಚ್ಚುವ ಯೋಜನೆ ಬರೆಯುವುದು ಒಂದು ವೃತ್ತಿ. ಭೂವಿಜ್ಞಾನ, ಗಣಿ ಎಂಜಿನಿಯರಿಂಗ್, ಪರಿಸರ ವಿಜ್ಞಾನ, ಸಮಾಜಶಾಸ್ತ್ರ ಓದಿದವರು ಒಟ್ಟಿಗೆ ಕುಳಿತು ಮಾಡುವ ಕೆಲಸ ಅದು.

ನಮ್ಮ ಗಣಿಗಳಿಗೆ ಅನೇಕ ಕುಶಲ ಕೆಲಸಗಾರರು ಬಂದದ್ದು ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯಿಂದ. ಅಲ್ಲಿಯೂ ತವರದ ಗಣಿಗಳು ಮುಚ್ಚಿದವು. ಕೊನೆಯದಾದ ಸೌತ್ ಕ್ರಾಫ್ಟಿ 1998ರಲ್ಲಿ ನಿಂತಿತು. ನಮ್ಮ ಗಣಿ ಮುಚ್ಚಿದ ಮರು ತಿಂಗಳು, 2001ರ ಮಾರ್ಚ್‌ನಲ್ಲಿ, ಅಲ್ಲಿನ ಹಳೆಯ ಜೇಡಿಮಣ್ಣಿನ ಗಣಿಯ ಹಳ್ಳವೊಂದರಲ್ಲಿ ‘ಈಡನ್ ಪ್ರಾಜೆಕ್ಟ್’ ಎಂಬ ಬೃಹತ್ ಸಸ್ಯೋದ್ಯಾನ ತೆರೆಯಿತು. ಅದನ್ನು ನೋಡಲು ದೇಶ ದೇಶಗಳ ಜನ ಹೋಗುತ್ತಾರೆ. ಅಲ್ಲಿನ ಕ್ಯಾಂಬೋರ್ನ್ ಗಣಿ ಶಾಲೆ ಇಂದು ಎಕ್ಸೆಟರ್ ವಿಶ್ವವಿದ್ಯಾಲಯದ ಭಾಗ. ಒಂದೇ ಕಸುಬಿನ ಎರಡು ಊರುಗಳು. ಒಂದು ತನ್ನ ಹಳ್ಳವನ್ನು ತೋಟ ಮಾಡಿತು, ಇನ್ನೊಂದು ಇನ್ನೂ ಕಾಯುತ್ತಿದೆ. ಆದರೆ ನಮಗೂ ವಿದ್ಯೆಯ ಪರಂಪರೆ ಇಲ್ಲದಿಲ್ಲ. 1965ರಲ್ಲಿ ಚಾಂಪಿಯನ್ ರೀಫ್ ಗಣಿಯ ಆಳದಲ್ಲಿ ವಿಜ್ಞಾನಿಗಳು ವಾತಾವರಣದ ನ್ಯೂಟ್ರಿನೋಗಳನ್ನು ಗುರುತಿಸಿದರು. ಬಂಡೆ ಸಿಡಿತದ ಅನುಭವದಿಂದ 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಇಲ್ಲಿಯೇ ಹುಟ್ಟಿತು.

ಸುಸ್ಥಿರತೆ ಎಂಬ ಮಾತು ಜಗತ್ತಿನಲ್ಲಿ ಪ್ರಚಾರಕ್ಕೆ ಬಂದದ್ದು ವಿಶ್ವಸಂಸ್ಥೆಗಾಗಿ ತಯಾರಾದ 1987ರ ಬ್ರಂಟ್‌ಲ್ಯಾಂಡ್ ವರದಿಯಿಂದ. ಮುಂದಿನ ಪೀಳಿಗೆಯ ಪಾಲನ್ನು ಕಸಿಯದೆ ಇಂದಿನ ಅಗತ್ಯ ಪೂರೈಸಿಕೊಳ್ಳುವುದು ಎಂಬುದು ಅದರ ಸಾರ. ನಮ್ಮ ದೇಶದಲ್ಲಿ 1991ರ ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪರಿಸರ ಶಿಕ್ಷಣ ಎಲ್ಲ ಹಂತದಲ್ಲೂ ಇರಬೇಕೆಂದು ಹೇಳಿತು. ಆ ಮೇಲೆ ಪದವಿಯ ಎಲ್ಲ ವಿದ್ಯಾರ್ಥಿಗಳಿಗೂ ಅದು ಕಡ್ಡಾಯ ವಿಷಯವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮಾಧವ ಗಾಡ್ಗೀಳರು 1983ರಲ್ಲಿ ಪರಿಸರ ವಿಜ್ಞಾನ ಕೇಂದ್ರ ಕಟ್ಟಿದರು. ಬೆಂಗಳೂರು, ಕುವೆಂಪು ವಿಶ್ವವಿದ್ಯಾಲಯಗಳಲ್ಲಿ ಪರಿಸರ ವಿಜ್ಞಾನದ ಎಂ.ಎಸ್ಸಿ. ಇದೆ. ಜಿ.ಕೆ.ವಿ.ಕೆ.ಯಲ್ಲಿ ಕೃಷಿ, ಶಿರಸಿ ಮತ್ತು ಪೊನ್ನಂಪೇಟೆಗಳಲ್ಲಿ ಅರಣ್ಯಶಾಸ್ತ್ರ ಓದಬಹುದು.

ಓದಿ ಏನಾಗಬಹುದು ಎಂದು ಪೋಷಕರು ಕೇಳುವುದು ನ್ಯಾಯ. 1974ರಲ್ಲಿ ಸ್ಥಾಪನೆಯಾದ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ಪರಿಸರ ಅಧಿಕಾರಿ, ವಿಜ್ಞಾನಿಗಳ ಹುದ್ದೆಗಳಿವೆ. ನೀರು, ಮಣ್ಣು ಪರೀಕ್ಷಿಸುವ ಪ್ರಯೋಗಾಲಯಗಳಿವೆ. ಪರಿಸರ ಪರಿಣಾಮದ ಅಧ್ಯಯನ ನಡೆಸುವ ಸಲಹಾ ಸಂಸ್ಥೆಗಳಿವೆ. 2022-23ರಿಂದ ಷೇರುಪೇಟೆಯ ಮೊದಲ 1000 ಕಂಪನಿಗಳು ತಮ್ಮ ನೀರು, ವಿದ್ಯುತ್, ತ್ಯಾಜ್ಯದ ಲೆಕ್ಕವನ್ನು ಪ್ರತಿವರ್ಷ ಒಪ್ಪಿಸಬೇಕೆಂದು ಸೆಬಿ ಕಡ್ಡಾಯ ಮಾಡಿದೆ. ಆದ್ದರಿಂದ ವಾಣಿಜ್ಯ ಓದಿದವರಿಗೂ ಇಲ್ಲಿ ಜಾಗವಿದೆ. ಒಂದು ಎಚ್ಚರಿಕೆಯ ಮಾತನ್ನೂ ಸೇರಿಸಬೇಕು. ಹೆಸರು ಹೊಸದಾಗಿದೆ ಎಂದು ಯಾವುದೋ ಕೋರ್ಸಿಗೆ ಸಾಲ ಮಾಡಿ ಸೇರಬಾರದು. ರಸಾಯನಶಾಸ್ತ್ರ, ಭೂವಿಜ್ಞಾನ, ಸಿವಿಲ್, ಕಾನೂನು, ಲೆಕ್ಕಶಾಸ್ತ್ರ ಇವುಗಳಲ್ಲಿ ಒಂದನ್ನು ಗಟ್ಟಿಯಾಗಿ ಕಲಿತು ಅದರ ಮೇಲೆ ಸುಸ್ಥಿರತೆಯನ್ನು ಓದಿದವರಿಗೆ ಬೇಡಿಕೆ ಹೆಚ್ಚು. ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸಿ.ಇ.ಟಿ.ಯಲ್ಲಿ ಶೇ. 5, ಗ್ರಾಮೀಣ ಶಾಲೆಗಳಲ್ಲಿ ಓದಿದವರಿಗೆ ಶೇ. 15 ಮೀಸಲಾತಿ ಇರುವುದನ್ನು ಶಿಕ್ಷಕರು ಮಕ್ಕಳಿಗೆ ತಪ್ಪದೆ ತಿಳಿಸಬೇಕು.

ಈ ಓದಿಗೆ ನಮ್ಮ ಜಿಲ್ಲೆಯಲ್ಲೇ ಕೆಲಸ ಕಾದಿದೆ. ಕೋಲಾರಕ್ಕೆ ವರ್ಷವಿಡೀ ಹರಿಯುವ ನದಿಯಿಲ್ಲ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ನಮ್ಮ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ಬತ್ತಿದ ಕೆರೆ ತುಂಬಿದ್ದಕ್ಕೆ ರೈತರು ಸಂತೋಷಪಟ್ಟರು. ನೀರು ಎಷ್ಟು ಶುದ್ಧ, ಮೂರನೆಯ ಹಂತದ ಸಂಸ್ಕರಣೆ ಬೇಡವೇ ಎಂಬ ಪ್ರಶ್ನೆ ನ್ಯಾಯಾಲಯದವರೆಗೂ ಹೋಯಿತು. ಇತ್ತ 2024ರ ಜೂನ್‌ನಲ್ಲಿ 13 ಸೈನೈಡ್ ದಿಬ್ಬಗಳನ್ನು ಮತ್ತೆ ಗಣಿಗಾರಿಕೆಗೆ ಕೊಡುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ ಒಪ್ಪಿಗೆ ನೀಡಿತು. ಆ ಪುಡಿಯಲ್ಲಿ ಇನ್ನೂ ಚಿನ್ನವಿದೆ. ಅದನ್ನು ತೆಗೆಯುವಾಗ ಏಳುವ ದೂಳನ್ನು ಅಳೆಯುವವರು ಯಾರು? ತೆಗೆದ ಮೇಲೆ ಉಳಿಯುವ ನೆಲ ಯಾರ ಪಾಲಿಗೆ, ಯಾವ ಸ್ಥಿತಿಯಲ್ಲಿ? ಸಾರ್ವಜನಿಕ ಸಭೆಯಲ್ಲಿ ವರದಿಯನ್ನು ಓದಿ, ಅಂಕಿಸಂಖ್ಯೆ ಅರಿತು, ಕನ್ನಡದಲ್ಲೂ ತಮಿಳು, ತೆಲುಗು, ಉರ್ದುವಿನಲ್ಲೂ ಊರಿನವರಿಗೆ ವಿವರಿಸಬಲ್ಲವರು ನಮಗೆ ಬೇಕು. ಹೊರಗಿನ ತಜ್ಞರು ವರದಿ ಬರೆದು ಹೋಗುತ್ತಾರೆ. ಇಲ್ಲಿ ಬದುಕುವವರು ನಾವು.

ಹಳೆಯ ವಿದ್ಯಾರ್ಥಿ ಮಿತ್ರರಲ್ಲಿ ಒಂದು ವಿನಂತಿ. ಈ ಸುವರ್ಣ ವರ್ಷದ ನೆನಪಿಗೆ ಶಾಲೆಗೆ ಒಂದು ಮಳೆಮಾಪಕ, ಒಂದು ನೀರು ಪರೀಕ್ಷಾ ಪೆಟ್ಟಿಗೆ ಕೊಡೋಣ. ಮಕ್ಕಳು ಪ್ರತಿ ತಿಂಗಳು ಸುತ್ತಲಿನ ಬಾವಿ, ಬೋರ್‌ವೆಲ್‌ಗಳ ನೀರನ್ನು ಪರೀಕ್ಷಿಸಿ ದಾಖಲೆ ಪುಸ್ತಕದಲ್ಲಿ ಬರೆದಿಡಲಿ. ಹತ್ತು ವರ್ಷ ಬರೆದರೆ ಅದು ಊರಿನ ಆಸ್ತಿ. ನಮ್ಮ ಹಿರಿಯರು ಕತ್ತಲಿಗೆ ಇಳಿದು ದೇಶಕ್ಕೆ ಚಿನ್ನ ಕೊಟ್ಟರು. ಅವರ ಮೊಮ್ಮಕ್ಕಳು ಓದಿ ಬಂದು ಈ ನೆಲವನ್ನು ಮತ್ತೆ ಹಸಿರು ಮಾಡಲಿ, ಆ ವಿದ್ಯೆಯ ಮೊದಲ ಅಕ್ಷರವನ್ನು ನಮ್ಮ ಶಾಲೆಯೇ ಕಲಿಸಲಿ ಎಂದು ಹಾರೈಸುತ್ತೇನೆ.