ಬಂಗಾರ, ಕಿರ್ದಿ, ಬಿಟ್‌ಕಾಯಿನ್: ನಮ್ಮ ಸೀಮೆಯ ಹಣದ ಕಥೆ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಇತಿಹಾಸದ ಮೇಲೆ ಒಂದು ಲೇಖನ ಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ ವಿಷಯ ಹುಡುಕುವ ತ್ರಾಸು ನನಗೆ ಆಗಲಿಲ್ಲ. 'ಸುವರ್ಣ' ಎಂಬ ಶಬ್ದವೇ ವಿಷಯ ಕೊಟ್ಟಿತು. ಬೆಳ್ಳಟ್ಟಿಯ ಈ ಸರಕಾರಿ ಪ್ರೌಢಶಾಲೆಯಲ್ಲಿ ಕಲಿತು, ಮುಂದೆ ಇತಿಹಾಸ ಕಲಿಸುವ ಮಾಸ್ತರನಾಗಿ ನಿವೃತ್ತನಾದವನು ನಾನು. ಈಚೆಗೆ ಊರಿಗೆ ಬಂದಾಗ ಹುಡುಗರು ಚಾಲುಕ್ಯರ ಬಗ್ಗೆ ಕೇಳುವುದಿಲ್ಲ. "ಸರ್, ಬಿಟ್‌ಕಾಯಿನ್ ಅಂದ್ರ ಖರೇನ ಹೊಸ ಬಂಗಾರ ಏನ್ರಿ?" ಎಂದು ಕೇಳುತ್ತಾರೆ. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ನನ್ನ ಅಣ್ಣನ ಮಗ ಅದರ ಒಳಗುಟ್ಟನ್ನು ನನಗೆ ನಾಲ್ಕಾರು ಸಲ ಬಿಡಿಸಿ ಹೇಳಿದ್ದಾನೆ. ಹಳೆಯ ಬಂಗಾರದ ಕಥೆಯನ್ನು ಗದಗ ಜಿಲ್ಲೆಯ ನೆಲವೇ ಹೇಳುತ್ತದೆ. ಎರಡನ್ನೂ ಪಕ್ಕದಲ್ಲಿಟ್ಟು ನೋಡುವುದು ಈ ಲೇಖನದ ಕೆಲಸ.

ಮೊದಲು ಲಕ್ಕುಂಡಿ. ದಾನಚಿಂತಾಮಣಿ ಅತ್ತಿಮಬ್ಬೆಯ ಬಸದಿಯನ್ನು ನೋಡಲು ಶಾಲೆಯ ಪ್ರವಾಸದಲ್ಲಿ ಹೋದವರೆಲ್ಲ ಅಲ್ಲಿಯ ಗುಡಿಗಳನ್ನೂ ಬಾವಿಗಳನ್ನೂ ನೆನಪಿಟ್ಟುಕೊಂಡಿರುತ್ತೀರಿ. ಆ ಊರು ಒಂದು ಕಾಲಕ್ಕೆ ಟಂಕಸಾಲೆಯ ಊರೂ ಆಗಿತ್ತು ಎಂಬುದನ್ನು ಬಹಳ ಜನ ಮರೆತಿದ್ದಾರೆ. ಆಗಿನ ಹೆಸರು ಲೊಕ್ಕಿಗುಂಡಿ. ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳಲ್ಲಿ ದಾನದ ಮೊತ್ತ ಹೇಳುವಾಗ 'ಲೊಕ್ಕಿ ಗದ್ಯಾಣ' ಎಂದು ಊರಿನ ಹೆಸರನ್ನು ಸೇರಿಸಿಯೇ ಬರೆದಿರುವುದುಂಟು. ಯಾವ ಟಂಕಸಾಲೆಯ ನಾಣ್ಯ ಎಂಬುದರ ಮೇಲೆ ಅದರ ನಂಬಿಕೆ ನಿಂತಿತ್ತು. ನಂಬಿಕೆ ಸಾಲದಿದ್ದರೆ ಪತ್ತಾರನ ಒರೆಗಲ್ಲು ಇದ್ದೇ ಇತ್ತು. ನಾಣ್ಯ ಒಡೆದರೂ, ರಾಜ ಹೋದರೂ ಬಂಗಾರ ಬಂಗಾರವೇ.

ಆ ಬಂಗಾರ ನೆಲದಿಂದ ಬರುತ್ತಿದ್ದ ಜಾಗವೂ ನಮ್ಮ ಮಗ್ಗುಲಲ್ಲೇ ಇದೆ. ಗದಗ, ಶಿರಹಟ್ಟಿ, ಮುಂಡರಗಿ ತಾಲೂಕುಗಳಿಗೆ ಚಾಚಿಕೊಂಡ ಕಪ್ಪತಗುಡ್ಡದ ಹಳ್ಳಗಳ ಮರಳನ್ನು ತೊಳೆದು ಬಂಗಾರದ ಕಣ ಆರಿಸುತ್ತಿದ್ದವರನ್ನು ಜಾಲಗಾರರು ಎನ್ನುತ್ತಿದ್ದರು. ಮಳೆಗಾಲ ಮುಗಿದು ಹಳ್ಳ ಇಳಿದ ಮೇಲೆ ಅವರ ಸುಗ್ಗಿ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಗುಡ್ಡಗಳ ಬಂಗಾರದ ಕಲ್ಲುಗಳ ಮೇಲೆ 1874ರಲ್ಲಿ ವರದಿ ಪ್ರಕಟಿಸಿದರು. ಅವರು ಇವನ್ನು ಡಂಬಳದ ಗುಡ್ಡಗಳೆಂದು ಕರೆದಿದ್ದಾರೆ.

ಮುಂದೆ ಆದದ್ದನ್ನು ಇಂದಿನ ಹುಡುಗರು ಗಮನವಿಟ್ಟು ಓದಬೇಕು. 1880ರ ಸುಮಾರಿಗೆ ಲಂಡನ್ನಿನಲ್ಲಿ ಹಿಂದೂಸ್ಥಾನದ ಬಂಗಾರದ ಹುಚ್ಚು ಹಿಡಿಯಿತು. ವಯನಾಡಿನ ಕಾಡಿನಲ್ಲಿ ಬಂಗಾರವಿದೆ ಎಂದು ಹತ್ತಾರು ಕಂಪನಿಗಳು ಹುಟ್ಟಿ ಷೇರು ಮಾರಿದವು. ಕೊಂಡವರಲ್ಲಿ ಹೆಚ್ಚಿನವರು ವಯನಾಡನ್ನು ಕಣ್ಣಿಂದಲೂ ಕಂಡವರಲ್ಲ. ಎರಡು ಮೂರು ವರ್ಷಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಮುಳುಗಿದವು. ಅದೇ ದಶಕದಲ್ಲಿ ಕೋಲಾರದಲ್ಲಿ ಮಾತ್ರ ಬಂಗಾರ ಖರೇನೇ ಸಿಕ್ಕಿತು. ಕೋಲಾರದ ಆಸೆ ತೋರಿಸಿ ಇತರ ಕಡೆಯೂ ಬಂಡವಾಳ ಹರಿಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಪ್ಪತಗುಡ್ಡದ ಕಬಲಾಯತಕಟ್ಟಿಯ ಕಡೆ ಧಾರವಾಡ ಗೋಲ್ಡ್ ಮೈನ್ಸ್ ಎಂಬ ಕಂಪನಿ ಬಾವಿ ತೋಡಿತು. ಇನ್ನೊಂದು ಗಣಿಗೆ ಸಾಂಗಲಿ ಗಣಿ ಎಂಬ ಹೆಸರೇ ಉಳಿದಿದೆ. ಶಿರಹಟ್ಟಿ ಸೀಮೆ ಆಗ ಸಾಂಗಲಿ ಸಂಸ್ಥಾನದಲ್ಲಿತ್ತು. ಹತ್ತು ವರ್ಷದ ಆಸುಪಾಸಿನಲ್ಲಿ, ಮೊದಲ ಮಹಾಯುದ್ಧಕ್ಕೂ ಮುಂಚೆ, ಆ ಕೆಲಸ ನಿಂತಿತು. ಬಂಗಾರ ಇರಲಿಲ್ಲವೆಂದಲ್ಲ, ತೆಗೆಯುವ ಖರ್ಚಿಗೆ ಸಾಲುತ್ತಿರಲಿಲ್ಲ. ನಮ್ಮ ಕಾಲದಲ್ಲಿ ಮತ್ತೆ ಗಣಿಯ ಮಾತು ಎದ್ದಾಗ ಗದಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳು ಮುಂದೆ ನಿಂತು ವಿರೋಧಿಸಿದ್ದು, 2019ರಲ್ಲಿ ಕಪ್ಪತಗುಡ್ಡ ವನ್ಯಜೀವಿಧಾಮವಾದದ್ದು ನಿಮಗೆಲ್ಲ ಗೊತ್ತು. ಸ್ವಾಮಿಗಳು ಅದನ್ನು ನೋಡಲು ಉಳಿಯಲಿಲ್ಲ ಎಂಬುದೊಂದು ಕೊರಗು.

ಕೋಲಾರದ ಇನ್ನೊಂದು ಸಂಗತಿ. ಅಲ್ಲಿಯ ಗಣಿಯ ಯಂತ್ರಗಳಿಗಾಗಿ ಶಿವನಸಮುದ್ರದಲ್ಲಿ ವಿದ್ಯುತ್ ತಯಾರಿಸಿ 1902ರಲ್ಲಿ ನೂರೈವತ್ತು ಕಿಲೋಮೀಟರಿನ ಹತ್ತಿರ ತಂತಿ ಎಳೆದು ಒಯ್ದರು. ಬೆಂಗಳೂರಿನ ಬೀದಿಗಿಂತ ಮುಂಚೆ ಗಣಿಗೆ ದೀಪ ಬಂತು. ಬಂಗಾರಕ್ಕೂ ವಿದ್ಯುತ್ತಿಗೂ ಇರುವ ನಂಟು ಅಷ್ಟು ಹಳೆಯದು.

ಬಿಟ್‌ಕಾಯಿನ್ನಿನಲ್ಲಿ ಆ ನಂಟು ಇನ್ನೂ ಗಟ್ಟಿ. ಅದರ ಯೋಜನೆಯನ್ನು 2008ರ ಅಕ್ಟೋಬರ್ 31ರಂದು ಸತೋಶಿ ನಕಮೊಟೊ ಎಂಬ ಹೆಸರಿನವರು ಪ್ರಕಟಿಸಿದರು. 2009ರ ಜನವರಿ 3ರಂದು ಅದರ ಮೊದಲ ಪುಟ ಬರೆದಾಯಿತು. ಪುಟ ಎಂದೆ, ಏಕೆಂದರೆ ಅದು ಮೂಲದಲ್ಲಿ ಒಂದು ಕಿರ್ದಿ. ಯಾರು ಯಾರಿಗೆ ಎಷ್ಟು ಕೊಟ್ಟರು ಎಂಬ ಲೆಕ್ಕ ಜಗತ್ತಿನ ಸಾವಿರಾರು ಕಂಪ್ಯೂಟರುಗಳಲ್ಲಿ ಒಂದೇ ರೀತಿ ಇರುತ್ತದೆ. ಸುಮಾರು ಹತ್ತು ನಿಮಿಷಕ್ಕೊಮ್ಮೆ ಹೊಸ ಪುಟ ಸೇರುತ್ತದೆ. ಆ ಪುಟ ಸೇರಿಸುವ ಹಕ್ಕಿಗೆ ಒಂದು ಪೈಪೋಟಿ ಇದೆ. ಯಂತ್ರಗಳು ಕೋಟಿ ಕೋಟಿ ಸಲ ಒಂದು ಸಂಖ್ಯೆಯನ್ನು ಊಹಿಸುತ್ತ ಹೋಗಬೇಕು, ಸರಿಯಾದದ್ದು ಮೊದಲು ಸಿಕ್ಕವನಿಗೆ ಹೊಸ ನಾಣ್ಯ. ಜಾಲಗಾರ ಮರಳು ತೊಳೆದಂತೆ ಇದು ಊಹೆಗಳನ್ನು ತೊಳೆಯುವ ಕೆಲಸ. ಅದಕ್ಕೇ ಮೈನಿಂಗ್ ಎಂಬ ಹೆಸರು ಬಿದ್ದಿದೆ. ಆರಂಭದಲ್ಲಿ ಪುಟಕ್ಕೆ 50 ನಾಣ್ಯ ಸಿಗುತ್ತಿತ್ತು. ಸುಮಾರು ನಾಲ್ಕು ವರ್ಷಕ್ಕೊಮ್ಮೆ ಅದು ಅರ್ಧಕ್ಕೆ ಇಳಿಯುತ್ತದೆ. 2024ರ ಏಪ್ರಿಲ್‌ನಿಂದ 3.125. ಒಟ್ಟು 2 ಕೋಟಿ 10 ಲಕ್ಷಕ್ಕಿಂತ ಹೆಚ್ಚು ಆಗುವಂತಿಲ್ಲ, ಅದರಲ್ಲಿ ನೂರಕ್ಕೆ 95ರಷ್ಟು ಈಗಾಗಲೇ ಹೊರಬಂದಿದೆ. ತೊಲಕ್ಕೆ 96 ಗುಲಗಂಜಿ ಎಂದು ಎಣಿಸುತ್ತಿದ್ದ ಪತ್ತಾರರಿಗೆ ಇದು ಸೋಜಿಗವೆನಿಸೀತು: ಒಂದು ಬಿಟ್‌ಕಾಯಿನ್ನಿಗೆ 10 ಕೋಟಿ ಸತೋಶಿ.

ಮೊದಮೊದಲು ಮನೆಯ ಕಂಪ್ಯೂಟರಿನಲ್ಲೂ ಈ ಗಣಿಗಾರಿಕೆ ನಡೆಯುತ್ತಿತ್ತು. ಈಗ ಇದೊಂದೇ ಕೆಲಸಕ್ಕೆಂದು ಮಾಡಿದ ಯಂತ್ರಗಳನ್ನು ಗೋದಾಮುಗಟ್ಟಲೆ ಜೋಡಿಸಿ, ಸೋವಿ ವಿದ್ಯುತ್ ಸಿಗುವಲ್ಲಿ ನಡೆಸುತ್ತಾರೆ. ಕೈಯಲ್ಲಿರುವ ಮೊಬೈಲಿನಿಂದ ಬಿಟ್‌ಕಾಯಿನ್ ತೆಗೆದು ಲಾಭ ಮಾಡುವುದು ಆಗದ ಮಾತು. ಇದನ್ನು ಒತ್ತಿ ಹೇಳಲು ಕಾರಣವಿದೆ. ನನ್ನ ಕಡೆ ಕಲಿತ ಹುಡುಗನೊಬ್ಬ ಉಳ್ಳಾಗಡ್ಡಿ ಮಾರಿದ ಹಣದಲ್ಲಿ 1,40,000 ರೂಪಾಯಿಯನ್ನು ಮೊಬೈಲಿನ ಒಂದು 'ಮೈನಿಂಗ್' ಆ್ಯಪ್‌ಗೆ ಹಾಕಿದ. ಪರದೆಯ ಮೇಲೆ ಚಕ್ರ ತಿರುಗುತ್ತಿತ್ತು, ಅಂಕಿ ಏರುತ್ತಿತ್ತು. ಮೊದಲ ತಿಂಗಳು 6,000 ರೂಪಾಯಿ ಖಾತೆಗೆ ಬಂದೂ ಬಂತು. ಪೂರ್ತಿ ತೆಗೆಯಲು ಹೋದಾಗ ಮೊದಲು ತೆರಿಗೆ ಕಟ್ಟು ಎಂದರು. ಅದನ್ನೂ ಕಟ್ಟಿದ. ಆಮೇಲೆ ಆ್ಯಪ್ ತೆರೆಯಲೇ ಇಲ್ಲ. ಆ ವರ್ಷ ಅವನ ತಂಗಿಯ ಕಾಲೇಜು ಫೀ ಕಟ್ಟಲು ತಾಯಿಯ ಬೋರಮಾಳ ಒತ್ತೆ ಬಿತ್ತು.

ಇದೇ ಆಟ ದೇಶದ ಮಟ್ಟದಲ್ಲೂ ನಡೆದಿದೆ. ಗೇನ್‌ಬಿಟ್‌ಕಾಯಿನ್ ಎಂಬ ಯೋಜನೆಯವರು ನಿಮ್ಮ ಪರವಾಗಿ ನಾವು ಮೈನಿಂಗ್ ಮಾಡುತ್ತೇವೆ, ತಿಂಗಳಿಗೆ ನೂರಕ್ಕೆ 10ರಂತೆ 18 ತಿಂಗಳು ಕೊಡುತ್ತೇವೆ ಎಂದು ಜನರಿಂದ ಬಿಟ್‌ಕಾಯಿನ್ ಸಂಗ್ರಹಿಸಿದರು. 2018ರಲ್ಲಿ ಪೊಲೀಸರು ಅದರ ಮುಖ್ಯಸ್ಥನನ್ನು ಬಂಧಿಸಿದರು. ಗಣಿಯಲ್ಲಿ ಯಂತ್ರ ಇದೆಯೋ ಇಲ್ಲವೋ ನೋಡದೆ ಷೇರು ಕೊಂಡ ಲಂಡನ್ನಿನವರಿಗೂ ಇವರಿಗೂ ನಡುವೆ 140 ವರ್ಷ ಕಳೆದಿತ್ತು ಅಷ್ಟೆ.

ಇನ್ನು ಕಿರ್ದಿಯ ಮಾತಿಗೆ ಬರುತ್ತೇನೆ. ಹುಡುಗರ ಪ್ರಶ್ನೆಗೆ ನನ್ನ ಉತ್ತರ ಇಲ್ಲಿದೆ. ಎಲ್ಲರಿಗೂ ಕಾಣುವ ಲೆಕ್ಕದ ಪುಸ್ತಕ ಎಂಬುದು ನಮ್ಮ ಜಿಲ್ಲೆಗೆ ಹೊಸದಲ್ಲ. 1904ರ ಸಹಕಾರಿ ಕಾಯ್ದೆ ಬಂದ ಮರುವರ್ಷವೇ, 1905ರಲ್ಲಿ, ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರಿ ಸಂಘ ಕಟ್ಟಿದರು. ಅದನ್ನು ಏಷ್ಯಾದಲ್ಲೇ ಮೊದಲನೆಯದೆಂದು ನಾವೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಸಾವುಕಾರನ ಕಿರ್ದಿಯಲ್ಲಿ ಏನು ಬರೆದಿದೆಯೋ ಸಾಲಗಾರನಿಗೆ ಕಾಣುತ್ತಿರಲಿಲ್ಲ. ಹೆಬ್ಬೆಟ್ಟು ಒತ್ತುವುದಷ್ಟೇ ಅವನ ಪಾಲು. ಸಂಘದ ಕಿರ್ದಿ ಸದಸ್ಯರ ಕಣ್ಣಮುಂದೆ ಬಂತು. ಇದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಆ ಕಾಯ್ದೆಯಲ್ಲಿ ಹಳ್ಳಿಯ ಸಂಘಗಳಿಗೆ ಸಾಮಾನ್ಯವಾಗಿ ಅಪರಿಮಿತ ಹೊಣೆ ಇತ್ತು. ಸಂಘ ಮುಳುಗಿದರೆ ಪ್ರತಿಯೊಬ್ಬ ಸದಸ್ಯನ ಆಸ್ತಿಯೂ ಅದಕ್ಕೆ ಉತ್ತರ ಹೇಳಬೇಕು. ಆದ್ದರಿಂದ ಯಾರಿಗೆ ಸಾಲ ಕೊಡಬೇಕು ಎಂಬುದನ್ನು ಊರು ನೂರು ಸಲ ಯೋಚಿಸುತ್ತಿತ್ತು.

ಬಿಟ್‌ಕಾಯಿನ್ನಿನಲ್ಲಿ ಕಣಗಿನಹಾಳದ ಅರ್ಧ ಇದೆ. ಪುಸ್ತಕ ಎಲ್ಲರದು, ಒಬ್ಬರು ತಿದ್ದಲು ಬರುವುದಿಲ್ಲ. ಜಾಣತನದ ಏರ್ಪಾಡು, ಅದನ್ನು ನಾನು ಹಗುರ ಮಾಡಿ ಮಾತಾಡುವುದಿಲ್ಲ. ಇನ್ನರ್ಧ ಇಲ್ಲ. ತಪ್ಪು ವಿಳಾಸಕ್ಕೆ ಹೋದ ನಾಣ್ಯಕ್ಕೆ, ಕದ್ದು ಹೋದದ್ದಕ್ಕೆ, ಕೀಲಿ ಕಳೆದುಕೊಂಡದ್ದಕ್ಕೆ ಯಾರೂ ಹೊಣೆಯಲ್ಲ. ಬ್ಯಾಂಕು ಮುಳುಗಿದರೆ 5 ಲಕ್ಷದವರೆಗೆ ಠೇವಣಿಗೆ ವಿಮೆಯುಂಟು. ಇದಕ್ಕೆ ಅಂಥದ್ದು ಇಲ್ಲ. ಬಂಗಾರದಂತೆ ಅಪರೂಪವೇನೋ ಹೌದು. ಆದರೆ ಕಷ್ಟಕ್ಕೆ ಒತ್ತೆ ಇಟ್ಟುಕೊಳ್ಳುವ ಪತ್ತಾರ ಊರಲ್ಲಿಲ್ಲ, ಬೆಲೆಯೂ ಒಂದೇ ವರ್ಷದಲ್ಲಿ ಅರ್ಧಕ್ಕಿಂತ ಕೆಳಗೆ ಬಿದ್ದದ್ದನ್ನು 2018ರಲ್ಲಿ, 2022ರಲ್ಲಿ ಕಂಡಿದ್ದೇವೆ. ಬೀಜ ಗೊಬ್ಬರದ ಹಣ, ಮದುವೆಯ ಹಣ, ಸಾಲದ ಹಣ ಅಲ್ಲಿಗೆ ಹೋಗಬಾರದೆಂಬುದು ನನ್ನ ಅಭಿಪ್ರಾಯ.

ಸರಕಾರದ ನಿಲುವು ಹಲವು ಸಲ ಬದಲಾಗಿದೆ. ಅದರಲ್ಲಿ ಬೆಂಗಳೂರಿಗೂ ಪಾತ್ರವಿದೆ. 2013ರ ಡಿಸೆಂಬರಿನಲ್ಲಿ ಅಲ್ಲಿ ಬಿಟ್‌ಕಾಯಿನ್ ಸಮ್ಮೇಳನ ನಡೆಯಿತು. ಅದೇ ತಿಂಗಳ 24ರಂದು ರಿಸರ್ವ್ ಬ್ಯಾಂಕು ಜನರಿಗೆ ಮೊದಲ ಎಚ್ಚರಿಕೆ ಕೊಟ್ಟಿತು. 2018ರ ಏಪ್ರಿಲ್ 6ರಂದು ಇಂಥ ವ್ಯವಹಾರದವರಿಗೆ ಬ್ಯಾಂಕುಗಳು ಸೇವೆ ಕೊಡಕೂಡದೆಂದು ಸುತ್ತೋಲೆ ಬಂತು. ಆ ವರ್ಷದ ಅಕ್ಟೋಬರಿನಲ್ಲಿ ಯುನೊಕಾಯಿನ್ ಕಂಪನಿ ಬೆಂಗಳೂರಿನ ಮಾಲ್ ಒಂದರಲ್ಲಿ ಎಟಿಎಂ ಥರದ ಯಂತ್ರ ಇಟ್ಟಿತು, ಕೆಲವೇ ದಿನಗಳಲ್ಲಿ ಪೊಲೀಸರು ಅದನ್ನು ಜಪ್ತಿ ಮಾಡಿದರು. ತಾವು ಕಾನೂನು ಮೀರಿಲ್ಲವೆಂಬುದು ಕಂಪನಿಯ ವಾದವಾಗಿತ್ತು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟು ಆ ಸುತ್ತೋಲೆಯನ್ನೇ ರದ್ದು ಮಾಡಿತು. 2022ರ ಏಪ್ರಿಲ್‌ನಿಂದ ಲಾಭಕ್ಕೆ ನೂರಕ್ಕೆ 30 ತೆರಿಗೆ, ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ಆ ಜುಲೈನಿಂದ ಮಾರಾಟದ ಮೇಲೆ ನೂರಕ್ಕೆ 1 ಮುರಿದುಕೊಳ್ಳುತ್ತಾರೆ. 2023ರ ಮಾರ್ಚಿನಿಂದ ವಿನಿಮಯ ಕೇಂದ್ರಗಳು ಅಕ್ರಮ ಹಣ ತಡೆ ಕಾಯ್ದೆಯ ಕೆಳಗೆ ಬಂದಿವೆ. ತೆರಿಗೆ ಹಾಕಿದ್ದಾರೆಂದ ಮಾತ್ರಕ್ಕೆ ಅದು ರೂಪಾಯಿಯಂಥ ಹಣವಾಗಲಿಲ್ಲ, ಅಂಗಡಿಯವನು ತೆಗೆದುಕೊಳ್ಳಲೇಬೇಕೆಂಬ ಕಟ್ಟಳೆ ಇಲ್ಲ.

ಇಷ್ಟೆಲ್ಲ ಕೇಳಿಯೂ ಕೊಳ್ಳುವವರು ಕೊಳ್ಳುತ್ತಾರೆ. ಅವರಿಗೆ ಇಡುವ ಬಗೆಯಾದರೂ ಗೊತ್ತಿರಲಿ. ವ್ಯಾಲೆಟ್ ಎಂದರೆ ನಮ್ಮ ಅಜ್ಜಿಯಂದಿರ ಚಂಚಿ ಎಂದುಕೊಳ್ಳಬಹುದು, ಆದರೆ ಈ ಚಂಚಿಯಲ್ಲಿ ನಾಣ್ಯ ಇರುವುದಿಲ್ಲ. ನಾಣ್ಯ ಇರುವುದು ಆ ದೊಡ್ಡ ಕಿರ್ದಿಯಲ್ಲಿ. ಚಂಚಿಯಲ್ಲಿರುವುದು ಅದನ್ನು ಕದಲಿಸುವ ಕೀಲಿ ಮಾತ್ರ. ವಿನಿಮಯ ಕೇಂದ್ರದ ಆ್ಯಪ್‌ನಲ್ಲಿ ಕೊಂಡು ಅಲ್ಲಿಯೇ ಬಿಟ್ಟರೆ ಕೀಲಿ ಅವರ ಬಳಿ ಇರುತ್ತದೆ. ಟೋಕಿಯೊದ ಮೌಂಟ್ ಗಾಕ್ಸ್ 2014ರಲ್ಲಿ ಮುಳುಗಿದ್ದು ಹಾಗೆ ಬಿಟ್ಟವರ ನಾಣ್ಯದೊಂದಿಗೆ. 2024ರ ಜುಲೈ 18ರಂದು ವಜೀರ್‌ಎಕ್ಸ್‌ನಿಂದ ಸುಮಾರು 23 ಕೋಟಿ ಡಾಲರಿನಷ್ಟು ಕಳುವಾಯಿತು. ಗ್ರಾಹಕರು ವರ್ಷಕ್ಕೂ ಹೆಚ್ಚು ಕಾಲ ತಮ್ಮ ನಾಣ್ಯ ಹೊರತೆಗೆಯಲಾಗದೆ ಕುಳಿತರು. ಮರುವರ್ಷ ಅದೇ ಜುಲೈಯಲ್ಲಿ ಕಾಯಿನ್‌ಡಿಸಿಎಕ್ಸ್‌ನಿಂದ 4 ಕೋಟಿ 40 ಲಕ್ಷ ಡಾಲರಿನಷ್ಟು ಹೋಯಿತು. ಆ ನಷ್ಟವನ್ನು ತಾನೇ ಭರಿಸುವುದಾಗಿ ಕಂಪನಿ ಹೇಳಿತು.

ಕೀಲಿಯನ್ನು ನಾವೇ ಇಟ್ಟುಕೊಳ್ಳುವ ಪದ್ಧತಿಗೆ ಹಗೇವು ಒಳ್ಳೆಯ ಹೋಲಿಕೆ. ಹೊಸ ತಲೆಮಾರಿನವರು ಹಗೇವು ನೋಡಿರಲಿಕ್ಕಿಲ್ಲ. ನೆಲದಲ್ಲಿ ಆಳವಾಗಿ ತೋಡಿ, ಸುತ್ತ ಹುಲ್ಲು ಹಾಸಿ ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಎಳೆಯುತ್ತಿದ್ದರು. ದಿನದ ಖರ್ಚಿಗೆ ಮನೆಯೊಳಗಿನ ಚೀಲ, ಬರಗಾಲಕ್ಕೆ ಹಗೇವು. ಹಾಗೆಯೇ ಸಣ್ಣ ಮೊತ್ತ ಮೊಬೈಲಿನ ವ್ಯಾಲೆಟ್‌ನಲ್ಲಿ, ದೊಡ್ಡದು ಇಂಟರ್‌ನೆಟ್ಟಿಗೆ ತಾಗದ ಹಾರ್ಡ್‌ವೇರ್ ವ್ಯಾಲೆಟ್‌ನಲ್ಲಿ. ಅದು ಪೆನ್ ಡ್ರೈವ್‌ನಂಥ ಸಣ್ಣ ಸಾಧನ. ಮಾಡಿದ ಕಂಪನಿಯಿಂದಲೇ ಕೊಳ್ಳಬೇಕು, ಯಾರೋ ಬಳಸಿದ್ದನ್ನು ಕೊಳ್ಳಬಾರದು. ಸಾಧನ ಕೆಟ್ಟರೆ ಚಿಂತೆಯಿಲ್ಲ. ಆರಂಭದಲ್ಲಿ ಅದು 12 ಅಥವಾ 24 ಪದಗಳನ್ನು ತೋರಿಸುತ್ತದೆ, ಆ ಪದಗಳಿಂದ ಕೀಲಿಯನ್ನು ಮತ್ತೆ ಹುಟ್ಟಿಸಬಹುದು. ಆದ್ದರಿಂದ ಪದಗಳೇ ಆಸ್ತಿ. ಅವುಗಳ ಫೋಟೊ ತೆಗೆಯುವುದು, ವಾಟ್ಸ್‌ಆ್ಯಪ್‌ನಲ್ಲಿ ತನಗೇ ಕಳಿಸಿಕೊಳ್ಳುವುದು ಎಂದರೆ ಹಗೇವಿನ ಮೇಲೆ ಬೋರ್ಡು ಹಾಕಿದಂತೆ. 'ಕಸ್ಟಮರ್ ಕೇರ್‌ನಿಂದ ಮಾತಾಡ್ತೀವಿ, ಪದ ಹೇಳ್ರಿ' ಎಂದವನು ಕಳ್ಳನೇ, ಬೇರೆ ಸಾಧ್ಯತೆ ಇಲ್ಲ. ಮೋಸ ಹೋದರೆ ನಾಚಿಕೆಯಿಂದ ಕೂಡದೆ ಅದೇ ಗಳಿಗೆ 1930ಕ್ಕೆ ಫೋನ್ ಮಾಡಬೇಕು. ತಡವಾದಷ್ಟೂ ಹಣ ಕೈಯಿಂದ ಕೈಗೆ ದಾಟುತ್ತದೆ.

ಹಗೇವು ಎಲ್ಲಿದೆ ಎಂಬುದು ಮನೆಯ ಯಜಮಾನ ಸತ್ತರೂ ಮನೆಯವರಿಗೆ ಗೊತ್ತಿರುತ್ತಿತ್ತು. ಈ ಪದಗಳ ಕಥೆ ಹಾಗಲ್ಲ. ಬರೆದಿಟ್ಟವನು ಬೈಕ್ ಮೇಲಿಂದ ಬಿದ್ದು ತೀರಿಕೊಂಡರೆ ತಹಸೀಲ್ದಾರರ ವಾರಸಾ ಪತ್ರವಾಗಲಿ ಕೋರ್ಟಿನ ಆದೇಶವಾಗಲಿ ಆ ಬೀಗ ತೆಗೆಯಲಾರವು. ಅಣ್ಣನ ಮಗನಿಗೆ ನಾನು ಇದನ್ನೇ ಕೇಳಿದೆ: "ನಿನಗೇನಾರ ಆದ್ರ ನಿಮ್ಮವ್ವ ಏನ್ ಮಾಡಬೇಕಪಾ?" ಅವನು ಎರಡು ಕಾಗದದಲ್ಲಿ ಬರೆದು, ಲಕೋಟೆಗೆ ಅರಗು ಹಾಕಿ, ಒಂದನ್ನು ಬ್ಯಾಂಕಿನ ಲಾಕರಿನಲ್ಲಿ, ಇನ್ನೊಂದನ್ನು ಊರ ಮನೆಯ ತಿಜೋರಿಯಲ್ಲಿ ಹೊಲದ ಉತಾರದ ಜೊತೆ ಇಟ್ಟಿದ್ದಾನೆ. ಅದೇನೆಂದು ನಮ್ಮ ಅತ್ತಿಗೆಗೆ ಕನ್ನಡದಲ್ಲಿ ಒಂದು ಹಾಳೆ ಬೇರೆ ಬರೆದುಕೊಟ್ಟಿದ್ದಾನೆ. ಲಕೋಟೆಯೊಳಗಿನ ಪದಗಳು ಮಾತ್ರ ಇಂಗ್ಲಿಷಿನವು. ಅವನ್ನು ಆರಿಸುವ 2,048 ಪದಗಳ ಪಟ್ಟಿ ಜಪಾನಿ, ಕೊರಿಯನ್, ಫ್ರೆಂಚ್, ಇಟಾಲಿಯನ್ ಮೊದಲಾದ ಭಾಷೆಗಳಲ್ಲೂ ಉಂಟು, ಕನ್ನಡದ್ದು ಇನ್ನೂ ಅದರಲ್ಲಿ ಸೇರಿಲ್ಲ. ಇಂಗ್ಲಿಷ್ ಪಟ್ಟಿಯಲ್ಲಿ ಮೊದಲ ನಾಲ್ಕು ಅಕ್ಷರ ಸರಿ ಇದ್ದರೆ ಪದ ಯಾವುದೆಂದು ಗುರುತು ಹತ್ತುತ್ತದೆ. ಕಾಗುಣಿತದ ಭಯ ಇರುವವರು ಆ ನಾಲ್ಕನ್ನಾದರೂ ಬಿಡಿಬಿಡಿಯಾಗಿ, ಕ್ರಮಸಂಖ್ಯೆ ಹಾಕಿ, ಅಳಿಯದ ಶಾಯಿಯಲ್ಲಿ ಬರೆಯಬೇಕು.