ನಡುರಾತ್ರಿಯ ಎಣ್ಣೆ

ಪರೀಕ್ಷೆ ಸಮೀಪಿಸಿದಾಗ ನಿದ್ರೆಗೆಟ್ಟು ಓದುವವರನ್ನು ಕುರಿತು ಆಂಗ್ಲ ಭಾಷೆಯಲ್ಲಿ ಹಲವು ಮಾತುಗಳುಂಟು. ಅವು ಯಾದಗಿರಿ ಸೀಮೆಯ ಕಡೇಚೂರಿನಂತಹ ಹಳ್ಳಿಯ ಬಾಲಕನಿಗೆ ಎಷ್ಟರಮಟ್ಟಿಗೆ ಹೊಂದುತ್ತಿದ್ದವೆಂಬುದು ವಿಚಾರಾರ್ಹವಾಗಿದೆ.

ಆ ಮಾತುಗಳಲ್ಲಿ ಗೌರವವುಳ್ಳದ್ದು ‘ನಡುರಾತ್ರಿಯ ಎಣ್ಣೆ ಸುಡುವುದು’ ಎಂಬುದು. ಈ ಎಣ್ಣೆಯ ಪ್ರಸ್ತಾಪವು ಕ್ವಾರ್ಲ್ಸ್ ಕವಿಯ ೧೬೩೫ರ ಗ್ರಂಥದಲ್ಲಿಯೇ ಬಂದಿದೆ. ಭಾವವಾದರೋ ಇನ್ನೂ ಪುರಾತನವಾದುದು. ಗ್ರೀಕ್ ವಾಗ್ಮಿ ಡೆಮಾಸ್ಥನೀಸನ ಭಾಷಣಗಳಿಗೆ ದೀಪದ ಬತ್ತಿಯ ಕಮಟು ಹತ್ತಿದೆಯೆಂದು ಎದುರಾಳಿಯೊಬ್ಬನು ಹಂಗಿಸಿದುದನ್ನು ಪ್ಲುಟಾರ್ಕನು ಬರೆದಿದ್ದಾನೆ. ಅಲ್ಲಿ ಎಣ್ಣೆಯು ದೀರ್ಘ ಪರಿಶ್ರಮದ ಗುರುತೇ ಹೊರತು ಮುನ್ನಾದಿನದ ಗಡಿಬಿಡಿಯದಲ್ಲ.

ಗಡಿಬಿಡಿಯ ಮಾತುಗಳು ಬಲಗೊಂಡುದು ಪರೀಕ್ಷೆಗಳ ಕಾಲದಲ್ಲಿ. ‘ಕ್ರ್ಯಾಮ್’ ಎಂದರೆ ಮೂಲತಃ ತುರುಕುವುದು. ಚೀಲಕ್ಕೆ ಸಲ್ಲುತ್ತಿದ್ದ ಶಬ್ದ ತಲೆಗೂ ಸಂದಿತು. ‘ಸ್ವಾಟ್’ ಎಂಬುದು ಬೆವರೆಂಬರ್ಥದ ಶಬ್ದದ ಪ್ರಾಂತೀಯ ರೂಪ. ಹತ್ತೊಂಬತ್ತನೆಯ ಶತಮಾನದಲ್ಲಿ ಸೈನಿಕ ವಿದ್ಯಾಲಯದ ಗಣಿತದ ತರಗತಿಗಳಿಂದ ಹರಡಿತು. ೧೮೫೫ರಲ್ಲಿ ಇಂಡಿಯಾದ ಸಿವಿಲ್ ಸರ್ವಿಸಿಗೆ ಸ್ಪರ್ಧಾಪರೀಕ್ಷೆ ಆರಂಭವಾಗಲು, ತುರುಕಿಕೊಡುವುದೇ ಇಂಗ್ಲೆಂಡಿನಲ್ಲಿ ಒಂದು ಉದ್ಯೋಗವಾಯಿತು. ೧೮೫೭ರಲ್ಲಿ ಕಲಕತ್ತೆ, ಮುಂಬಯಿ, ಮದರಾಸುಗಳಲ್ಲಿ ವಿಶ್ವವಿದ್ಯಾಲಯಗಳು ಹುಟ್ಟಿದವು. ಆ ರೋಗವೂ ಹಡಗನ್ನೇರಿ ಬಂದಿತು. ನಮ್ಮಲ್ಲಿ ಬೋಧನೆಯು ಪರೀಕ್ಷೆಗೆ ಅಡಿಯಾಳಾಗಿದೆಯೆಂದು ೧೯೦೨ರ ವಿಶ್ವವಿದ್ಯಾಲಯ ಆಯೋಗವೇ ಆಕ್ಷೇಪಿಸಿತು.

ಆಂಗ್ಲ ಶಬ್ದಗಳು ಚೀಲವನ್ನೂ ಬೆವರನ್ನೂ ನೆನೆದರೆ, ಕನ್ನಡದವು ಬಾಯನ್ನೂ ಕೊರಳನ್ನೂ ನೆನೆಯುತ್ತವೆ: ಬಾಯಿಪಾಠ, ಕಂಠಪಾಠ. ಮಗ್ಗಿಯನ್ನೂ ಅಮರಕೋಶವನ್ನೂ ಉರುಹೊಡೆದವನು ನಮ್ಮ ಹಿರಿಯರಿಗೆ ಹಾಸ್ಯಾಸ್ಪದನಾಗಿರಲಿಲ್ಲ. ಅರ್ಥವರಿಯದೆ ಒಪ್ಪಿಸಿದರೆ ಮಾತ್ರ ಅದು ಗಿಳಿಪಾಠ. ಹೊತ್ತು ಮೀರಿ ತೊಡಗಿದವನಿಗಾದರೋ ‘ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸ’ ಎಂಬ ಬೇರೆಯೇ ಚುಚ್ಚುನುಡಿಯುಂಟು. ಆಂಗ್ಲರು ಒಂದೇ ಚೀಲಕ್ಕೆ ತುಂಬಿದ ಎರಡು ದೋಷಗಳನ್ನು ಕನ್ನಡವು ಬೇರ್ಪಡಿಸಿಟ್ಟಿತು.

ಈ ಭೇದವಿಲ್ಲದೆ ಕಡೇಚೂರಿನ ಕಡೆಯ ವಿದ್ಯಾಭ್ಯಾಸದ ಕಥೆ ಅರ್ಥವಾಗದು. ಆ ಊರು ೧೯೪೮ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದಿತು. ಮನೆಯ ಮಾತು ಕನ್ನಡ, ನೆರೆಸೀಮೆಯ ಮಾತು ತೆಲುಗು, ಕಚೇರಿಯ ಮಾತು ಉರ್ದು. ೧೯೧೮ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ಉಚ್ಚ ವಿದ್ಯೆಯನ್ನು ಉರ್ದುವಿನಲ್ಲಿ ಬೋಧಿಸಿ, ದೇಶಭಾಷೆಯ ವಿದ್ಯಾಪೀಠವೆಂದು ಕೀರ್ತಿ ಪಡೆಯಿತು. ವೈದ್ಯ, ವಿಜ್ಞಾನಗಳನ್ನು ಉರ್ದುವಿಗೆ ತಂದ ಆ ಸಾಹಸ ಸಣ್ಣದಲ್ಲ. ಆದರೆ ಯಾವ ದೇಶದ ಭಾಷೆ? ಕನ್ನಡ ಮನೆಯಿಂದ ಹೋದ ಬಾಲಕನಿಗೆ ಅದೂ ಕಲಿಯಬೇಕಾದ ಪರಭಾಷೆಯೇ. ಮೇಲಣ ತರಗತಿಗಳಿಗೇರಿದಂತೆ ಭೂಗೋಳವೂ ಚರಿತ್ರೆಯೂ ಅದರಲ್ಲಿಯೇ ಬರುತ್ತಿರಲು, ತಿಳಿಯುವ ಮುನ್ನ ಉರುಹೊಡೆಯುವುದೇ ಅವನಿಗುಳಿದ ದಾರಿ. ಉರ್ದುವಿನಲ್ಲಿ ಅದಕ್ಕೆ ‘ರಟ್ನಾ’ ಎನ್ನುವರು. ಅಂಥವನು ವರ್ಷಾರಂಭದಿಂದಲೇ ಗಿಳಿಪಾಠಕ್ಕೆ ಕುಳಿತಿದ್ದರೂ ನೋಡಿದವರು ಅವನನ್ನು ಸೋಮಾರಿಯೆನ್ನಬಹುದಾಗಿತ್ತು.

೧೯೫೬ನೆಯ ನವೆಂಬರ್ ೧ರಂದು ಈ ಸೀಮೆಯು ವಿಶಾಲ ಮೈಸೂರು ರಾಜ್ಯವನ್ನು ಸೇರಿತು. ‘ಕಚೇರಿ’, ‘ದಫ್ತರ’ಗಳಂತಹ ಶಬ್ದಗಳು ಕನ್ನಡದಲ್ಲಿಯೇ ನೆಲೆನಿಂತವು, ಉರುಹೊಡೆಯಬೇಕಾದ ಭಾಷೆ ಬದಲಾಯಿತು.